ಎಣ್ಣೆಯ ಹಗೇವು, ಬ್ಯಾಟರಿಯ ಹಗೇವು

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುವಾಗ, ಆಗ ಕಾನಕಾನಹಳ್ಳಿಯೆಂದು ಕರೆಯಲ್ಪಡುತ್ತಿದ್ದ ಇಂದಿನ ಕನಕಪುರದ ಸೀಮೆಯನ್ನು ಹಾದುಹೋಯಿತು. ಸುಮಾರು 92 ಮೈಲಿಗಳ ಆ ತಂತಿಮಾರ್ಗವು ಆ ಕಾಲಕ್ಕೆ ಪ್ರಪಂಚದ ಅತಿ ಉದ್ದವಾದ ಮಾರ್ಗಗಳಲ್ಲಿ ಒಂದು. ಮೂರು ವರ್ಷಗಳ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂದಿತು. ತಂತಿಯ ಕೆಳಗಿದ್ದ ಹಳ್ಳಿಗಳವರು ಮಾತ್ರ ಇನ್ನೂ ಬಹುಕಾಲ ಹರಳೆಣ್ಣೆ ಸೀಮೆಎಣ್ಣೆಗಳ ಬೆಳಕಿನಲ್ಲಿಯೇ ಉಂಡು ಮಲಗಿದರು. ವಿದ್ಯುತ್ತು ಅವರ ತಲೆಯ ಮೇಲೆ ಹರಿಯಿತೇ ಹೊರತು ನಿಲ್ಲಲಿಲ್ಲ. ನಿಲ್ಲದಿರುವುದೇ ಅದರ ಸ್ವಭಾವ. ರಾಗಿಯನ್ನು ಸುಗ್ಗಿಯಲ್ಲಿ ಹಗೇವಿಗೆ ತುಂಬಿ ಕೊರತೆಯ ಕಾಲದಲ್ಲಿ ತೆಗೆದು ಉಣ್ಣಬಹುದು. ವಿದ್ಯುತ್ತನ್ನಾದರೋ ಹುಟ್ಟಿದ ಕ್ಷಣದಲ್ಲಿಯೇ ಬಳಸಬೇಕು; ಇಲ್ಲವೆ ಬೇರೊಂದು ರೂಪಕ್ಕೆ ತಿರುಗಿಸಿ ಇಡಬೇಕು. ಹಾಗೆ ತಿರುಗಿಸಿ ಇಡುವ ಪಾತ್ರೆಗಳಲ್ಲಿ ಬ್ಯಾಟರಿಯೂ ಒಂದು.

ಕಲ್ಲಿದ್ದಲೂ ಕಲ್ಲೆಣ್ಣೆಯೂ ಹಗೇವುಗಳೇ. ಕೋಟ್ಯಂತರ ವರ್ಷಗಳ ಹಿಂದೆ ಗಿಡಮರಗಳೂ ಕಡಲಿನ ಸೂಕ್ಷ್ಮಜೀವಿಗಳೂ ಬಿಸಿಲನ್ನು ಹೀರಿ ಬೆಳೆದು, ಮಣ್ಣಿನಡಿ ಹೂತು, ಒತ್ತಡಕ್ಕೂ ಉಷ್ಣಕ್ಕೂ ಸಿಕ್ಕಿ ಈ ರೂಪವನ್ನು ತಳೆದವು. ಇದು ನಾವು ತುಂಬಿದ ಹಗೇವಲ್ಲ. ತೆಗೆಯುವುದಷ್ಟೇ ನಮ್ಮ ಕೆಲಸವಾಗಿದೆ. ಕರ್ಣಾಟಕದ ನೆಲದಲ್ಲಂತೂ ಕಲ್ಲಿದ್ದಲೂ ಇಲ್ಲ, ಕಲ್ಲೆಣ್ಣೆಯೂ ಇಲ್ಲ. ಎರಡನ್ನೂ ಹೊರಗಿನಿಂದಲೇ ತರಬೇಕು. ಹೀಗಿರುವಾಗ ಪೆಟ್ರೋಲು ಡೀಸೆಲುಗಳ ಸ್ಥಾನಕ್ಕೆ ಬ್ಯಾಟರಿಯು ಬಂದು ಕುಳಿತೀತೆ ಎಂಬ ಪ್ರಶ್ನೆಯು ಈಗ ಎಲ್ಲರ ಬಾಯಲ್ಲೂ ಇದೆ. ಉತ್ತರ ಹೇಳುವವರು ಸಾಮಾನ್ಯವಾಗಿ ಇಡೀ ಪ್ರಪಂಚದ ಲೆಕ್ಕವನ್ನು ಮುಂದಿಡುವರು. ನಾವು ಇಲ್ಲಿ ಅಷ್ಟು ದೂರ ಹೋಗದೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳ ಲೆಕ್ಕವನ್ನು ಮಾಡಿ ನೋಡೋಣ. 2007ರಲ್ಲಿ ರಾಮನಗರ ಜಿಲ್ಲೆಯೆಂದು ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ಸೀಮೆಯಲ್ಲಿ ರೇಷ್ಮೆಯಿದೆ, ಬೊಂಬೆಯಿದೆ, ಕಲ್ಲುಗಣಿಯಿದೆ, ಕೊಳವೆಬಾವಿಯ ಬೇಸಾಯವಿದೆ. ಶಕ್ತಿಯನ್ನು ಬಳಸುವ ಬಗೆಗಳು ಬಹುಮಟ್ಟಿಗೆ ಇಲ್ಲಿಯೇ ದೊರೆಯುವುವು.

ಮೊದಲು ಅಳತೆಯ ಮಾತು. ಮನೆಯ ವಿದ್ಯುತ್ತಿನ ಬಿಲ್ಲಿನಲ್ಲಿ ಯೂನಿಟ್ಟೆಂದು ಕಾಣುವುದು ಒಂದು ಕಿಲೋವಾಟ್-ಗಂಟೆ. ಶಾಖವಾಗಲಿ, ಚಲನೆಯಾಗಲಿ, ಎಲ್ಲವನ್ನೂ ಈ ಒಂದೇ ಕೊಳಗದಿಂದ ಅಳೆಯಬಹುದು. ಒಂದು ಕಿಲೋಗ್ರಾಂ ಪೆಟ್ರೋಲು ಉರಿದರೆ ಸುಮಾರು 12 ಯೂನಿಟ್ಟುಗಳಷ್ಟು ಶಾಖ ಹೊರಡುವುದು. ಮನೆಯ ಇನ್ವರ್ಟರಿನ ಜೊತೆಗಿರುವ ಸೀಸದ ಬ್ಯಾಟರಿಯಲ್ಲಿ ಒಂದು ಕಿಲೋಗ್ರಾಂ ತೂಕಕ್ಕೆ ಯೂನಿಟ್ಟಿನ ಮೂವತ್ತನೆಯ ಒಂದು ಪಾಲು ಮಾತ್ರ ಹಿಡಿಯುವುದು. ಈಗಿನ ಉತ್ತಮವಾದ ಲಿಥಿಯಂ ಕೋಶದಲ್ಲಿಯೂ ಕಾಲು ಯೂನಿಟ್ಟು. ಪೆಟ್ಟಿಗೆ, ತಂತಿ, ಕಾವಲಿನ ಸಲಕರಣೆಗಳ ತೂಕವನ್ನೆಲ್ಲ ಸೇರಿಸಿದರೆ ಅದಕ್ಕೂ ಕಡಮೆ.

ಇಷ್ಟೊಂದು ಅಂತರಕ್ಕೆ ಕಾರಣವೇನು? ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ಮೂರೂವರೆ ಕಿಲೋಗ್ರಾಂ ಆಮ್ಲಜನಕ ಬೇಕು. ಅದನ್ನು ಗಾಡಿಯು ಹೊತ್ತು ಹೋಗುವುದಿಲ್ಲ. ದಾರಿಯುದ್ದಕ್ಕೂ ಗಾಳಿಯಿಂದ ಎಳೆದುಕೊಳ್ಳುವುದು. ಪೆಟ್ರೋಲು ಉಪ್ಪಿನಕಾಯಿಯನ್ನು ಮಾತ್ರ ಕಟ್ಟಿಕೊಂಡು ಹೊರಟ ಪ್ರಯಾಣಿಕನ ಹಾಗೆ. ಅನ್ನವು ಅವನಿಗೆ ದಾರಿಯ ಛತ್ರಗಳಲ್ಲಿ ಪುಕ್ಕಟೆಯಾಗಿ ಸಿಕ್ಕುವುದು. ಬ್ಯಾಟರಿಯಾದರೋ ಅಕ್ಕಿ, ಬೇಳೆ, ಒಲೆ, ಪಾತ್ರೆ ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಡೆಯುವವನ ಹಾಗೆ. ಆದರೆ ಅವನ ಪರವಾಗಿಯೂ ಒಂದು ಮಾತಿದೆ. ಮೊದಲನೆಯವನು ಉಂಡ ಎಲೆಯನ್ನು ದಾರಿಯಲ್ಲೇ ಎಸೆಯುತ್ತ ಹೋಗುವನು: ಒಂದು ಲೀಟರು ಪೆಟ್ರೋಲಿಗೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುವುದು, ಅದು ಮತ್ತೆ ಪೆಟ್ರೋಲಾಗದು. ಎರಡನೆಯವನು ಏನನ್ನೂ ಎಸೆಯುವುದಿಲ್ಲ. ಅವನ ಗಂಟನ್ನು ಮತ್ತೆ ತುಂಬಬಹುದು.

ಈ ಮರುತುಂಬುವಿಕೆ ಹೊಸ ಸಂಗತಿಯಲ್ಲ. ಇಟಲಿಯ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶವನ್ನು ಕಟ್ಟಿದನು. ಅದು ಒಮ್ಮೆ ಸೋತರೆ ಸೋತಿತು. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ತುಂಬಬಲ್ಲ ಕೋಶವನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಪ್ಲಾಂಟೆ. ಇಂದಿನ ಲಿಥಿಯಂ ಕೋಶದ ರಹಸ್ಯವು ಇನ್ನೂ ಸರಳ. ಒಂದು ಕಡೆ ಗ್ರಾಫೈಟಿನ ಪದರಗಳು, ಇನ್ನೊಂದು ಕಡೆ ಲೋಹದ ಆಕ್ಸೈಡಿನ ಅಥವಾ ಫಾಸ್ಫೇಟಿನ ಪದರಗಳು. ತುಂಬುವಾಗ ಲಿಥಿಯಂ ಅಯಾನುಗಳು ಎರಡನೆಯ ಮನೆಯಿಂದ ಹೊರಟು ಗ್ರಾಫೈಟಿನ ಮನೆಯೊಳಗೆ ಹೋಗಿ ಕುಳಿತುಕೊಳ್ಳುವುವು, ಬಳಸುವಾಗ ಹಿಂದಿರುಗುವುವು. ಅಯಾನುಗಳು ಒಳಗಿನ ದ್ರವದ ಮೂಲಕ ನಡೆದರೆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸುತ್ತಿ ಬರುವುವು. ಆ ಸುತ್ತಿನಲ್ಲಿಯೇ ನಮ್ಮ ಕೆಲಸವೆಲ್ಲ ನಡೆಯಬೇಕು. 1991ರಲ್ಲಿ ಸೋನಿ ಕಂಪೆನಿಯು ಇಂತಹ ಕೋಶವನ್ನು ಮಾರಾಟಕ್ಕೆ ತಂದಿತು. ಇದಕ್ಕೆ ಅಸ್ತಿಭಾರ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಷಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. 2010ರಲ್ಲಿ ಒಂದು ಯೂನಿಟ್ಟು ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2024ರ ವೇಳೆಗೆ ಅದು 120 ಡಾಲರಿಗಿಂತ ಕೆಳಗಿಳಿಯಿತು. ಇಷ್ಟು ಬೇಗ ಅಗ್ಗವಾದ ಇಂಧನದ ಪಾತ್ರೆಯು ಹಿಂದೆ ಇರಲಿಲ್ಲವೆಂದೇ ಹೇಳಬೇಕು.

ಈಗ ರಸ್ತೆಗೆ ಬರೋಣ. ಪೆಟ್ರೋಲಿನ ಸ್ಕೂಟರು ಲೀಟರಿಗೆ 45 ಕಿಲೋಮೀಟರು ಓಡುವುದೆಂದು ಹಿಡಿದರೆ ನೂರು ಕಿಲೋಮೀಟರಿಗೆ 2.2 ಲೀಟರು ಬೇಕು. ಅದರಲ್ಲಿರುವ ಶಾಖ ಸುಮಾರು 20 ಯೂನಿಟ್ಟು. ವಿದ್ಯುತ್ ಸ್ಕೂಟರಿಗೆ ಅದೇ ದೂರಕ್ಕೆ ಸುಮಾರು 3 ಯೂನಿಟ್ಟು ಸಾಕು. ಎಂಜಿನು ತಾನು ಉಂಡದ್ದರಲ್ಲಿ ಬಹುಪಾಲನ್ನು ಹೊಗೆನಳಿಗೆಯ ಬಿಸಿಯಾಗಿ, ತನ್ನ ಮೈಯ ಕಾವಾಗಿ ಕಳೆದುಬಿಡುವುದು. ಮೋಟಾರು ನೂರರಲ್ಲಿ 85ಕ್ಕಿಂತ ಹೆಚ್ಚನ್ನು ಚಕ್ರಕ್ಕೆ ಮುಟ್ಟಿಸುವುದು. ಆದುದರಿಂದ ಐವತ್ತು ಮಡಿಯೆಂದು ಕಂಡ ಅಂತರವು ಬಳಕೆಯಲ್ಲಿ ಬಹಳ ಕಿರಿದಾಗುವುದು. ಪೆಟ್ರೋಲು ಒಂದೂಮುಕ್ಕಾಲು ಕಿಲೋಗ್ರಾಂ ತೂಗುವಲ್ಲಿ ಬ್ಯಾಟರಿಯು ಇಪ್ಪತ್ತರಿಂದ ಇಪ್ಪತ್ತೈದು ಕಿಲೋಗ್ರಾಂ ತೂಗುವುದು. ಭಾರವೇನೋ ಹೌದು, ಆದರೆ ಹೊರಲಾಗದ ಭಾರವಲ್ಲ, ಹಿಂದೆ ಕುಳಿತ ಒಂದು ಮಗುವಿನಷ್ಟು.

ನಮ್ಮ ನಾಲ್ಕು ಊರುಗಳ ಭಾಗ್ಯವೆಂದರೆ ಅವುಗಳ ದೂರ. ಬೆಂಗಳೂರಿನಿಂದ ಇವೆಲ್ಲವೂ ಹೆಚ್ಚು ಕಡಮೆ 50ರಿಂದ 60 ಕಿಲೋಮೀಟರಿನೊಳಗೆ ಇವೆ. ರಾಮನಗರದಿಂದ ಚನ್ನಪಟ್ಟಣವು ಹನ್ನೆರಡೇ ಕಿಲೋಮೀಟರು. ಹಳ್ಳಿಯಿಂದ ಹೊರಟು ತಾಲ್ಲೂಕು ಕಚೇರಿಗೋ, ಗೂಡಿನ ಮಾರುಕಟ್ಟೆಗೋ, ಡೈರಿಗೋ, ಕಾಲೇಜಿಗೋ ಹೋಗಿ ಸಂಜೆಗೆ ಮನೆ ಸೇರುವವನ ಓಡಾಟವು ಮೂರು ಯೂನಿಟ್ಟಿನೊಳಗೆ ಮುಗಿಯುವುದು. ಇಂತಹ ಓಡಾಟದಲ್ಲಿ ಪೆಟ್ರೋಲಿನ ಕಾಲವು ಮುಗಿಯುತ್ತ ಬಂದಿದೆಯೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಬಿಡದಿಯ ಕಾರ್ಖಾನೆಯ ಕಥೆಯಲ್ಲಿಯೂ ಈ ತಿರುವು ಕಾಣುವುದು. ಟೊಯೊಟಾ ಕಿರ್ಲೋಸ್ಕರ್ ಕಂಪೆನಿಯು 1999ರ ಕೊನೆಯಲ್ಲಿ ಅಲ್ಲಿ ತಯಾರಿಸತೊಡಗಿದ ಕ್ವಾಲಿಸ್ ಡೀಸೆಲಿನ ಗಾಡಿ. ಅದೇ ಕಂಪೆನಿಯು 2022ರಲ್ಲಿ ಹೊರತಂದ ಇನ್ನೋವಾ ಹೈಕ್ರಾಸಿನ ಹೈಬ್ರಿಡ್ ಬಗೆಯಲ್ಲಿ ಪೆಟ್ರೋಲಿನ ಎಂಜಿನಿನ ಜೊತೆಗೆ ನಿಕ್ಕಲ್ ಲೋಹದ ಬ್ಯಾಟರಿಯೂ ಮೋಟಾರೂ ಇವೆ. ಬ್ರೇಕು ಒತ್ತಿದಾಗ ಬಿಸಿಯಾಗಿ ಹಾಳಾಗುತ್ತಿದ್ದ ಚಲನೆಯನ್ನು ಮೋಟಾರು ವಿದ್ಯುತ್ತಾಗಿ ಹಿಂದಕ್ಕೆ ಪಡೆದು ಬ್ಯಾಟರಿಗೆ ತುಂಬುವುದು. ಇದನ್ನು ಅರ್ಧ ದಾರಿಯ ರಾಜಿಯೆಂದು ಕರೆಯುವವರಿದ್ದಾರೆ. ಇರಲಿ; ರಾಜಿಯಿಂದಲೂ ಎಣ್ಣೆಯು ಉಳಿಯುವುದು. ಇನ್ನು ಪೂರ್ತಿ ಬ್ಯಾಟರಿಯ ಕಾರಿನ ವಿಚಾರಕ್ಕೆ ಬಂದರೆ, 2001ರಲ್ಲಿಯೇ ಬೆಂಗಳೂರಿನಿಂದ ಸೀಸದ ಬ್ಯಾಟರಿಯ ರೇವಾ ಕಾರು ಹೊರಬಂದಿತ್ತು. ಅದಕ್ಕೆ ತಡೆಯಾದದ್ದು ಸೀಸದ ತೂಕ.

ಪ್ರಾಸಂಗಿಕವಾಗಿ ಒಂದು ಮಾತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಯಿತು. ಹಳೆಯ ರಸ್ತೆಯ ಬೊಂಬೆಯಂಗಡಿಗಳ ಮುಂದೆ, ತಟ್ಟೆ ಇಡ್ಲಿಯ ಹೋಟಲುಗಳ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಕಡಮೆಯಾದವು. ಅಂಗಡಿಯವರು ಬಹಳ ನೊಂದುಕೊಂಡರು. ಪೆಟ್ರೋಲು ತುಂಬಲು ಐದು ನಿಮಿಷ ಸಾಕು, ಬ್ಯಾಟರಿಗೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬೇಕು ಎಂದು ಬ್ಯಾಟರಿಯನ್ನು ಹಳಿಯುವುದುಂಟು. ಮೈಸೂರಿಗೆ ಹೋಗಿ ಹಿಂದಿರುಗುವ ಕಾರು ನಡುವೆ ಎಲ್ಲಿಯಾದರೂ ಒಮ್ಮೆ ತುಂಬಿಕೊಳ್ಳಬೇಕಾದೀತು. ಆ ಮುಕ್ಕಾಲು ಗಂಟೆಯನ್ನು ಹೆದ್ದಾರಿಯ ಬದಿಯ ಬಯಲಿನಲ್ಲಿ ಕಳೆಯುವ ಬದಲು ಚನ್ನಪಟ್ಟಣದ ಪೇಟೆಯಲ್ಲಿ ಕಳೆಯುವಂತೆ ತುಂಬುವ ಕಟ್ಟೆಗಳನ್ನು ಊರೊಳಗೆ ಇಟ್ಟರೆ, ಬ್ಯಾಟರಿಯ ದೋಷವೇ ಅಂಗಡಿಯವನಿಗೆ ಲಾಭವಾಗುವುದು. ಈ ಸಣ್ಣ ಸಂಗತಿಯನ್ನು ಪುರಸಭೆಗಳು ಯೋಚಿಸಬಹುದು.

ಚನ್ನಪಟ್ಟಣದ ಬೊಂಬೆಯಂತೂ ಬ್ಯಾಟರಿಗೆ ಒಗ್ಗುವ ಕಸುಬು. ಹಾಲೆಮರದ ತುಂಡು ಲೇಥಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುವುದು. ಶಾಖವೂ ಇಲ್ಲಿ ಚಲನೆಯಿಂದಲೇ ಹುಟ್ಟುವುದೆಂಬುದನ್ನು ಗಮನಿಸಬೇಕು. ಅರ್ಧ ಅಶ್ವಶಕ್ತಿಯ ಮೋಟಾರಿಗೆ ಗಂಟೆಗೆ ಅರ್ಧ ಯೂನಿಟ್ಟಿನಷ್ಟು ಖರ್ಚು. ಕರೆಂಟು ಹೋಗಿ ಲೇಥು ನಿಂತರೆ ಅಂದಿನ ಕೂಲಿಯೂ ನಿಂತಂತೆಯೇ. 150 ಆಂಪಿಯರ್-ಗಂಟೆಯ ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ಟು ಇರುವುದು. ಬ್ಯಾಟರಿಯು ಬೇಗ ಕೆಡಬಾರದಾದರೆ ಅರ್ಧವನ್ನಷ್ಟೇ ಬಳಸತಕ್ಕದ್ದು. ಆಗಲೂ ಒಂದೂವರೆ ಗಂಟೆ ಲೇಥು ತಿರುಗುವುದು.

ಇನ್ನು ರಾಮನಗರ. ಇಲ್ಲಿ ಬ್ಯಾಟರಿಯ ಬಡತನವು ಬಯಲಾಗುವುದು. ಆದುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಇಲ್ಲಿನ ಗೂಡಿನ ಮಾರುಕಟ್ಟೆಯಿಂದ ಕೊಂಡ ಗೂಡುಗಳನ್ನು ರೀಲರುಗಳು ಮೊದಲು ಹಬೆಯಲ್ಲೋ ಬಿಸಿಗಾಳಿಯಲ್ಲೋ ಇಟ್ಟು ಒಳಗಿನ ಹುಳುವನ್ನು ಕೊಲ್ಲುವರು. ಇಲ್ಲವಾದರೆ ಅದು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬಂದು ಎಳೆಯನ್ನು ಕಡಿಯುವುದು. ಅನಂತರ ಕುದಿನೀರಿನಲ್ಲಿ ಬೇಯಿಸುವರು. ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಮೆದುವಾದ ಹೊರತು ನೂಲು ಬಿಚ್ಚದು. ಬಿಚ್ಚುವಾಗಲೂ ತೊಟ್ಟಿಯ ನೀರು ಬೆಚ್ಚಗೆ ಇರಲೇಬೇಕು. ರಾಟೆ ತಿರುಗಿಸಲು ಬೇಕಾದ ಶಕ್ತಿ ಅಲ್ಪ. ನೀರನ್ನು ಕಾಯಿಸಲು ಬೇಕಾದದ್ದೇ ಬಹಳ. ಅದಕ್ಕೆ ಬಹುಕಾಲದಿಂದ ಆಧಾರವಾಗಿರುವುದು ಸೌದೆ. ಸೌದೆಯು ಖನಿಜ ಇಂಧನವಲ್ಲ ಎಂಬುದು ನಿಜ. ಆದರೆ ಅದರ ಹೊಗೆ ಕಣ್ಣಿಗೂ ಎದೆಗೂ ಬೇರೆಯಲ್ಲ, ಮರ ಕಡಿದಷ್ಟು ಬೇಗ ಬೆಳೆಯುವುದೂ ಇಲ್ಲ.

ಲೆಕ್ಕ ಹೀಗಿದೆ. ನೂರು ಲೀಟರು ನೀರನ್ನು 25 ಡಿಗ್ರಿಯಿಂದ 95 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ಎಂಟು ಯೂನಿಟ್ಟುಗಳಿಗೆ ತುಸು ಹೆಚ್ಚು ಶಾಖ ಬೇಕು. ಹತ್ತು ಹನ್ನೆರಡು ಕಿಲೋಗ್ರಾಂ ಒಣಸೌದೆ, ಸಾಧಾರಣ ಒಲೆಯಲ್ಲಿ ತನ್ನ ಶಾಖದ ಬಹುಪಾಲನ್ನು ಗಾಳಿಗೆ ಕಳೆದುಕೊಂಡ ಮೇಲೂ, ಈ ಕೆಲಸವನ್ನು ಮುಗಿಸುವುದು. ಬ್ಯಾಟರಿಯಿಂದ ಮಾಡಲು ಹೊರಟರೆ ಸುಮಾರು ಮೂರು ಸ್ಕೂಟರುಗಳ ಬ್ಯಾಟರಿಗಳು ಬೇಕು: ನೂರು ಲೀಟರಿನ ಒಂದೇ ಹಂಡೆಗೆ, ಒಂದೇ ಸಲಕ್ಕೆ! ಮುನ್ನೂರು ಕಿಲೋಮೀಟರು ಓಡಿಸಬಲ್ಲ ಶಕ್ತಿಯು ಒಂದು ಹಂಡೆಯ ನೀರಿನಲ್ಲಿ ಮುಳುಗಿಹೋಗುವುದು. ಚಲನೆಗೆ ಶಕ್ತಿಯು ಸ್ವಲ್ಪ ಸಾಕು, ಶಾಖಕ್ಕೆ ಬಹಳ ಬೇಕು. ಎಂಜಿನಿನ ದೌರ್ಬಲ್ಯವೇ ಸ್ಕೂಟರಿನಲ್ಲಿ ಬ್ಯಾಟರಿಯನ್ನು ಗೆಲ್ಲಿಸಿತು. ಒಲೆಯ ಮುಂದೆ ಆ ಅನುಕೂಲವು ಅದಕ್ಕಿಲ್ಲ.

ಹಾಗಾದರೆ ರೀಲರನು ಸೌದೆಗೇ ಕಟ್ಟುಬಿದ್ದವನೆ? ಅಲ್ಲ. ಬೇಕಾದದ್ದು ಬಿಸಿಯಾದರೆ ಬಿಸಿಯನ್ನೇ ಕೂಡಿಡಬೇಕು. ಮನೆಗಳ ಮಾಳಿಗೆಯ ಮೇಲೆ ನಾವು ನಿತ್ಯವೂ ಕಾಣುವ ಬಿಸಿಲಿನ ನೀರುಕಾಯಿಸುವ ಸಾಧನವು, ಎರಡು ಚದರ ಮೀಟರು ತಗಡಿನಿಂದ, ಒಳ್ಳೆಯ ಬಿಸಿಲಿನ ದಿನ ನೂರು ಲೀಟರು ನೀರನ್ನು 60 ಡಿಗ್ರಿಗೆ ಏರಿಸುವುದು. ಅಂದರೆ ಎಂಟರಲ್ಲಿ ನಾಲ್ಕು ಯೂನಿಟ್ಟು ಬಿಸಿಲಿನ ಪಾಲಿಗೆ ಹೋಯಿತು, ಸೌದೆ ಅರ್ಧಕ್ಕಿಳಿಯಿತು. ಆ ಬಿಸಿಯನ್ನು ಹೊದಿಕೆಯುಳ್ಳ ತೊಟ್ಟಿಯು ರಾತ್ರಿಯೆಲ್ಲ ಕಾಯುವುದು. ಅಂತಹ ತೊಟ್ಟಿಯೂ ಒಂದು ಬ್ಯಾಟರಿಯೇ; ಅದರಲ್ಲಿ ಲಿಥಿಯಂ ಇಲ್ಲ, ಅಷ್ಟೆ. ಸುತ್ತಲಿನ ಗಾಳಿಯಿಂದ ಶಾಖವನ್ನು ಹೀರಿ ನೀರಿಗೆ ಕೊಡುವ ಉಷ್ಣಪಂಪುಗಳೆಂಬ ಯಂತ್ರಗಳೂ ಈಗ ಇವೆ. ತೊಟ್ಟಿಯ ಬೆಚ್ಚನೆಯ ನೀರಿಗೆ ಅವು ಒಂದು ಯೂನಿಟ್ಟು ವಿದ್ಯುತ್ತನ್ನು ತೆಗೆದುಕೊಂಡು ಎರಡು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೊಡಬಲ್ಲವು. ಆದರೆ ಸಣ್ಣ ರೀಲರನ ಕೈಗೆ ಅವುಗಳ ಬೆಲೆ ಎಟುಕಬೇಕು; ಎಟುಕುವಂತೆ ಮಾಡುವುದು ಇಂಜಿನಿಯರುಗಳಿಗಿಂತ ಸಹಕಾರ ಸಂಘಗಳಿಗೂ ಬ್ಯಾಂಕುಗಳಿಗೂ ಸೇರಿದ ಕೆಲಸ.

ಮಾಗಡಿಯ ಕಡೆಯ ಕೊಳವೆಬಾವಿಗೂ ಇದೇ ನ್ಯಾಯ ಸಲ್ಲುವುದು. ಐದು ಅಶ್ವಶಕ್ತಿಯ ಪಂಪು ಆರು ಗಂಟೆ ನಡೆದರೆ ಸುಮಾರು 25 ಯೂನಿಟ್ಟು ಹಿಡಿಯುವುದು. ಇಷ್ಟನ್ನು ಬ್ಯಾಟರಿಯಲ್ಲಿ ತುಂಬಿಟ್ಟು ರಾತ್ರಿ ನೀರೆತ್ತುವೆನೆಂಬುದು ದುಡ್ಡನ್ನು ಬಾವಿಗೆ ಸುರಿದಂತೆ. ಹಗಲು ಬಿಸಿಲಿನ ಫಲಕಗಳಿಂದಲೇ ಪಂಪನ್ನು ನಡೆಸಿ ನೀರನ್ನು ಕೃಷಿಹೊಂಡಕ್ಕೆ ಬಿಟ್ಟುಕೊಂಡರೆ ಆಯಿತು.

ಕನಕಪುರದ ಕಡೆಯ ಕಲ್ಲುಗಣಿಗಳ ಯಂತ್ರಗಳು ಡೀಸೆಲನ್ನು ಸುಲಭವಾಗಿ ಬಿಡಲಾರವು. ದಿನಕ್ಕೆ ನೂರು ಲೀಟರು ಡೀಸೆಲು ಕುಡಿಯುವ ಒಂದು ಅಗೆಯುವ ಯಂತ್ರವೆಂದುಕೊಳ್ಳೋಣ. ಅದರ ಸಾವಿರ ಯೂನಿಟ್ಟಿನಲ್ಲಿ ಮೂರನೆಯ ಒಂದು ಪಾಲು ಕೆಲಸಕ್ಕೆ ಬಂದರೂ, ಅಷ್ಟನ್ನು ಕೊಡಲು ಎರಡೂವರೆ ಟನ್ನು ತೂಕದ ಬ್ಯಾಟರಿ ಬೇಕಾಗುವುದು. ತೂಕವು ಅಂತಹ ಯಂತ್ರಕ್ಕೆ ದೊಡ್ಡದಲ್ಲ; ಬಂಡೆಯ ನಡುವೆ ಅದನ್ನು ತುಂಬುವ ತಂತಿಯನ್ನು ಎಳೆಯುವುದೇ ಕಷ್ಟ.

ಬ್ಯಾಟರಿಯು ಪಾತ್ರೆಯೇ ಹೊರತು ಊಟೆಯಲ್ಲವೆಂದು ಮೊದಲೇ ಹೇಳಿದೆವು. ಅದರಲ್ಲಿ ಏನನ್ನು ತುಂಬಿದೆವೆಂಬುದನ್ನೂ ಕೇಳಬೇಕಲ್ಲವೆ? ರಾಯಚೂರಿನ 1720 ಮೆಗಾವಾಟ್ಟಿನ ಉಷ್ಣ ಸ್ಥಾವರದಂತಹವುಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುವುದು. ಸ್ಕೂಟರಿನ ನೂರು ಕಿಲೋಮೀಟರಿಗೆ, ದಾರಿಯ ನಷ್ಟವನ್ನೂ ಸೇರಿಸಿ ಮೂರೂವರೆ ಯೂನಿಟ್ಟೆಂದು ಹಿಡಿದರೆ, ಸುಮಾರು ಮೂರೂವರೆ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಡುವುದು, ಪೆಟ್ರೋಲಿನಿಂದ ಐದು. ಎಲ್ಲವೂ ಕಲ್ಲಿದ್ದಲಿನದೇ ಆದರೂ ಬ್ಯಾಟರಿಯು ಮೇಲು, ಆದರೆ ಹೇಳಿಕೊಳ್ಳುವಷ್ಟು ಮೇಲಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹಬ್ಬಿರುವ 2050 ಮೆಗಾವಾಟ್ಟಿನ ಸೌರ ಕ್ಷೇತ್ರದಿಂದ ಬಂದ ವಿದ್ಯುತ್ತನ್ನು ತುಂಬಿದರೆ ಅಂತರವು ನಿಜವಾಗಿ ದೊಡ್ಡದಾಗುವುದು. ಆದರೆ ಪಾವಗಡದ ಬಿಸಿಲು ಸಂಜೆ ಆರಕ್ಕೆ ಮುಗಿಯುವುದು, ನಮ್ಮ ಸ್ಕೂಟರುಗಳು ಮನೆಗೆ ಬಂದು ತಂತಿಗೆ ಬೀಳುವುದು ಏಳಕ್ಕೆ. ಕಚೇರಿ, ಕಾರ್ಖಾನೆ, ರೈಲುನಿಲ್ದಾಣಗಳ ಅಂಗಳದಲ್ಲಿ ಹಗಲಿನಲ್ಲಿಯೇ ತುಂಬುವ ಏರ್ಪಾಡು ಬೇಕೆಂಬುದು ಇದರಿಂದ ತಾನಾಗಿಯೇ ಸಿದ್ಧವಾಗುವುದು.

ಕಲ್ಲೆಣ್ಣೆಯಂತೆ ಲಿಥಿಯಮ್ಮೂ ಪರರ ಕೈಯದೇ ಆದೀತೆ ಎಂಬ ಅಂಜಿಕೆಯುಂಟು. ಚನ್ನಪಟ್ಟಣದಾಚೆ, ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣದ ಬಂಡೆಗಳಲ್ಲಿ ಲಿಥಿಯಂ ಇದೆಯೆಂದು ತಿಳಿದಾಗ 2020ರಲ್ಲಿ 14,100 ಟನ್ನೆಂಬ ಅಂದಾಜು ಹಬ್ಬಿತು. ಮರುವರ್ಷ ಸರ್ಕಾರವು 1,600 ಟನ್ನೆಂದು ಹೇಳಿತು. ಅದೂ ಊಹೆಯ ದರ್ಜೆಯದು. ಒಂದು ಯೂನಿಟ್ಟಿನ ಬ್ಯಾಟರಿಗೆ ನೂರು ಗ್ರಾಂ ಲಿಥಿಯಂ ಬೇಕೆಂದರೆ, ಒಂದು ಕಣವೂ ನಷ್ಟವಾಗದೆ ದೊರೆತರೂ, ಐವತ್ತು ಲಕ್ಷ ಸ್ಕೂಟರುಗಳಿಗಷ್ಟೇ ಆಗುವುದು. ದೇಶವನ್ನು ನಡೆಸುವ ನಿಧಿಯಲ್ಲ ಅದು. ಉಪ್ಪಿನಲ್ಲಿ ಹೇರಳವಾಗಿರುವ ಸೋಡಿಯಮ್ಮಿನಿಂದ ಕೋಶಗಳನ್ನು ಮಾಡುವ ಯತ್ನವು ಇದಕ್ಕಿಂತ ಹೆಚ್ಚು ಭರವಸೆಯದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2025ರಲ್ಲಿ ಬಹು ಬೇಗ ತುಂಬುವ ಇಂತಹ ಕೋಶವೊಂದನ್ನು ಪ್ರಕಟಿಸಿದರು. ಸೋಡಿಯಂ ಕೋಶವು ಲಿಥಿಯಮ್ಮಿಗಿಂತ ಭಾರ. ಒಂದೆಡೆ ಕುಳಿತಿರುವ ಬ್ಯಾಟರಿಗೆ ಅದು ಕುಂದಲ್ಲ.

ಹಳೆಯ ಬ್ಯಾಟರಿಗಳ ಗತಿಯೂ ಇದೆ. ಸೀಸವನ್ನು ಬಹುತೇಕ ಪೂರ್ತಿಯಾಗಿ ಕರಗಿಸಿ ಮತ್ತೆ ಬಳಸಬಹುದು. ಆದರೆ ಹಿತ್ತಲಿನ ಒಲೆಯಲ್ಲಿ ಕರಗಿಸಿದಾಗ ಏಳುವ ಹೊಗೆಯು ಮಕ್ಕಳ ಮಿದುಳಿಗೆ ವಿಷ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಲಿಥಿಯಂ ಬ್ಯಾಟರಿಯು ಮುದಿಯಾದರೂ ಒಮ್ಮೆಗೇ ಸಾಯುವುದಿಲ್ಲ. ಮೂರು ಯೂನಿಟ್ಟಿನದು ಎರಡಕ್ಕೆ ಇಳಿದರೆ ಸ್ಕೂಟರಿನವನು ಅದನ್ನು ಬದಲಿಸಬಯಸುವನು. ತಿಳಿದವರು ಅದನ್ನು ಪರೀಕ್ಷಿಸಿ, ಬಿಸಿಯೇರದಂತೆ ಕಾಯುವ ಸಲಕರಣೆಯೊಡನೆ ಮತ್ತೆ ಜೋಡಿಸಿಕೊಟ್ಟರೆ, ಆ ಎರಡು ಯೂನಿಟ್ಟು ಚನ್ನಪಟ್ಟಣದ ಅರ್ಧ ಅಶ್ವಶಕ್ತಿಯ ಲೇಥನ್ನು ಮೂರೂವರೆ ಗಂಟೆಗಳ ಕಾಲ ತಿರುಗಿಸುವುದು.